ಬೆಳಗ್ಗೆ ಏಳುವಾಗಲೇ ಸುಸ್ತು. ಅಡ್ರಿನಲ್ ಗ್ರಂಥಿ ದಣಿದಿದೆ ಅಂತಾರೆ, ನಿಜಾನಾ?

ಸರ್ವರ್_ಡೌನ್ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ವಯಸ್ಸು 37. ಸಣ್ಣದೊಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ಬೆಳೆ ವಿಮೆ, ಪಾನ್ ಕಾರ್ಡ್, ಝೆರಾಕ್ಸ್. ಬೆಳಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಒಂಬತ್ತಕ್ಕೆ. ಸರ್ವರ್ ಡೌನ್ ಆದರೆ ಬೈಗುಳ ನನಗೆ. ಹೆಬ್ಬೆಟ್ಟು ಮ್ಯಾಚ್ ಆಗದಿದ್ದರೆ ಬೈಗುಳ ನನಗೆ. ಒಟಿಪಿ ಬೆಂಗಳೂರಲ್ಲಿರುವ ಮಗನ ಫೋನಿಗೆ ಹೋಗಿ, ಆ ಮಗ ಫೋನ್ ಎತ್ತದಿದ್ದರೂ ಬೈಗುಳ ನನಗೇ. ಯಜಮಾನರು ಲಾರಿ ಮೇಲೆ. ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಎಸ್ಸೆಸ್ಸೆಲ್ಸಿ. ಅಂಗಡಿ ಸಾಲದ ಕಂತು ಬೇರೆ.

ಒಂದು ವರ್ಷದಿಂದ ಬೆಳಗ್ಗೆ ಏಳುವಾಗಲೇ ಮೈ ಭಾರ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಕಂತಿನ ಲೆಕ್ಕ ಶುರು. ಮೆಟ್ಟಿಲು ಹತ್ತಿದರೆ ಏದುಸಿರು. ದಿನಕ್ಕೆ ಏಳೆಂಟು ಲೋಟ ಚಹಾ, ಅದಿಲ್ಲದೆ ಕೈ ಓಡುವುದಿಲ್ಲ. ಫೋನಿನಲ್ಲಿ ಒಂದು ರೀಲ್ ಬಂತು, ಟೆನ್ಷನ್ ಜಾಸ್ತಿ ಆಗಿ ಅಡ್ರಿನಲ್ ಗ್ರಂಥಿ ದಣಿದು ಹೋಗುತ್ತದೆ ಅಂತ. ಅವರದೇ ಪ್ರಶ್ನೆಗಳಿಗೆ ಉತ್ತರ ಒತ್ತಿದೆ. ‘ನೀವು ಮೂರನೇ ಹಂತದಲ್ಲಿದ್ದೀರಿ’ ಅಂತ ಬಂತು. ಹೆದರಿ 4,999 ಕೊಟ್ಟು ಕಿಟ್ ತರಿಸಿದೆ. ದಿನಕ್ಕೆ ನಾಲ್ಕು ಸಲ ಟ್ಯೂಬಿಗೆ ಉಗುಳಿ ಕಳಿಸಬೇಕಂತೆ. ಆಮೇಲೆ ಮೂರು ತಿಂಗಳ ಕ್ಯಾಪ್ಸೂಲ್. ಕಿಟ್ ಇನ್ನೂ ಒಡೆದಿಲ್ಲ.

ಅವ್ವ ನಮ್ಮನೆಯಲ್ಲೇ ಇದ್ದಾಳೆ. ಅವಳ ಮಂಡಿ ನೋವಿಗೆ ಸಂತೆಯಲ್ಲಿ ಒಬ್ಬರು ಕೊಡುವ ಪುಡಿ ಚೆನ್ನಾಗಿ ಹಿಡಿದಿದೆ. ಎರಡು ವರ್ಷದಿಂದ ಹುಡುಗಿ ಥರ ಓಡಾಡುತ್ತಿದ್ದಳು, ಮುಖವೂ ತುಂಬಿಕೊಂಡಿದೆ. ನನ್ನ ಸುಸ್ತಿಗೂ ಅವರ ಹತ್ತಿರವೇ ಏನಾದರೂ ಕೇಳೋಣ ಅಂದರೆ ಮೂರು ವಾರದಿಂದ ಅವರು ಸಂತೆಗೆ ಬಂದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕಿಟ್ ಒಡೆಯಲಾ ಬೇಡವಾ?

ಮೆಣಸಿನಕಾಯಿ_ಬಜ್ಜಿ
ಅಕ್ಕಾ, 4,999ಕ್ಕೆ ನಮ್ಮೂರಲ್ಲಿ ಎಷ್ಟು ಬೆಣ್ಣೆದೋಸೆ ಬರುತ್ತದೆ ಗೊತ್ತಾ? ಅಷ್ಟು ದುಡ್ಡು ಕೊಟ್ಟು ಉಗುಳೋದಾ 😂

ಹಸಿರು_ಬದುಕು
ನಗುವ ವಿಷಯ ಅಲ್ಲ ಸ್ವಾಮಿ. ಇವತ್ತಿನ ಜೀವನಶೈಲಿಯಲ್ಲಿ ಹತ್ತರಲ್ಲಿ ಎಂಟು ಜನರ ಅಡ್ರಿನಲ್ ಖಾಲಿಯಾಗಿದೆ. ಬ್ಯಾಟರಿ ಇದ್ದ ಹಾಗೆ ಅದು. ದಿನಾ ಉಪಯೋಗಿಸಿ ಚಾರ್ಜ್ ಮಾಡದಿದ್ದರೆ ಏನಾಗುತ್ತದೆ? ಮೇಡಂ, ನನಗೆ ಮೆಸೇಜ್ ಮಾಡಿ. ಅಶ್ವಗಂಧ ಬೆರೆತ ನಮ್ಮದೇ ಒಂದು ಉತ್ಪನ್ನ ಇದೆ, ಕಿಟ್‌ಗಿಂತ ಕಡಿಮೆ ಬೆಲೆ.

ಕೋಟೆ_ಕಲ್ಲು (ಚಿತ್ರದುರ್ಗ)
‘ಹತ್ತರಲ್ಲಿ ಎಂಟು’ ಎಲ್ಲಿಂದ ಬಂತು ಸರ್? ಎಣಿಸಿದವರು ಯಾರು?

ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಆದರೂ ಈ ಬ್ಯಾಟರಿ ಕಥೆ ಕೇಳಿ ಸುಮ್ನೆ ಇರಲು ಆಗುತ್ತಿಲ್ಲ. ಎರಡು ಕಿಡ್ನಿಗಳ ತಲೆ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ. ಒಂದೊಂದೂ ನಾಲ್ಕೈದು ಗ್ರಾಂ, ಅಷ್ಟೇ. ಒಳಗಿನ ತಿರುಳಿನಿಂದ ಅಡ್ರಿನಲಿನ್ ಬರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದು. ಹೊರಪದರದಿಂದ ಕಾರ್ಟಿಸಾಲ್. ಇದು ನಿಧಾನದ್ದು. ಸಕ್ಕರೆ, ಬಿಪಿ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಬೆಳಗ್ಗೆ ಎಂಟರ ಹೊತ್ತಿಗೆ ಜಾಸ್ತಿ, ನಡುರಾತ್ರಿ ಕಮ್ಮಿ.

1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ಚಳಿ, ಗಾಯ, ವಿಪರೀತ ದಣಿವು, ಹೀಗೆ ಬಗೆಬಗೆಯ ಕಾಟ ಕೊಟ್ಟು ನೋಡಿದ. ಸ್ಟ್ರೆಸ್ ಅಂತ ನಾವು ಇವತ್ತು ಹೇಳುವುದು ಅವನಿಂದಲೇ ಊರಿಗೆಲ್ಲ ಹಬ್ಬಿದ ಮಾತು. ಇಲಿಗಳ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಅಡ್ರಿನಲ್ ಗ್ರಂಥಿ ಬತ್ತಿತ್ತಾ? ಇಲ್ಲ, ಊದಿ ದೊಡ್ಡದಾಗಿತ್ತು! ಕೆಲಸ ಜಾಸ್ತಿ ಆದರೆ ಅದು ಬೆಳೆಯುತ್ತದೆ, ಖಾಲಿ ಆಗಲ್ಲ.

‘ಅಡ್ರಿನಲ್ ಫಟೀಗ್’ (ಅಡ್ರಿನಲ್ ದಣಿವು) ಅನ್ನುವ ಹೆಸರು ಬಂದದ್ದು 1998ರಲ್ಲಿ. ಇಟ್ಟವರು ಹಾರ್ಮೋನ್ ವೈದ್ಯರಲ್ಲ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ವೈದ್ಯರು 58 ಅಧ್ಯಯನಗಳನ್ನು ಮುಂದಿಟ್ಟುಕೊಂಡು ಜಾಲಾಡಿದರು. ಇಂಥ ಕಾಯಿಲೆ ಇದೆ ಅನ್ನಲು ಆಧಾರವೇ ಇಲ್ಲ ಅಂತ ಬರೆದರು.

ಹಳೇ_ಮಿಲ್ಲು
ಮಾಸ್ಟರ್ ಸರಿಯಾಗಿ ಹೇಳಿದರು. ನಾನು ದಾವಣಗೆರೆಯ ಹತ್ತಿ ಮಿಲ್ಲಲ್ಲಿ ದುಡಿದವನು. ಮೂರು ಪಾಳಿ, ಕಿವಿ ಕಿತ್ತು ಹೋಗುವ ಸದ್ದು, ಮೂಗಿನ ತುಂಬ ಹತ್ತಿ. ಆಗ ಯಾರಿಗೂ ಸ್ಟ್ರೆಸ್ಸೂ ಇರಲಿಲ್ಲ, ಅಡ್ರಿನಲ್ಲೂ ಇರಲಿಲ್ಲ. ಈಗಿನವರಿಗೆ ಕುರ್ಚಿ ಮೇಲೆ ಕೂತರೂ ಸುಸ್ತು.

ರಾತ್ರಿ_ಪಾಳಿ
ಅಡ್ರಿನಲ್ ಇಲ್ಲದಿದ್ದರೆ ನೀವು ಇವತ್ತು ಇಲ್ಲಿ ಬರೆಯುತ್ತಲೇ ಇರಲಿಲ್ಲ ಯಜಮಾನ್ರೇ 🙂

ಸರ್ವರ್_ಡೌನ್
ಹಿರಿಯರೇ, ನಮ್ಮಪ್ಪನೂ ಮಿಲ್ಲಿನವರೇ. ಐವತ್ತೆರಡಕ್ಕೆ ಹೋದರು. ಬಿಪಿ ಇತ್ತು ಅಂತ ಗೊತ್ತಾದದ್ದು ಪಾರ್ಶ್ವವಾಯು ಹೊಡೆದ ಮೇಲೆ.

ಹಳೇ_ಮಿಲ್ಲು
ತಪ್ಪಾಯಿತು ತಾಯಿ. ಯೋಚನೆ ಮಾಡಿದರೆ ನಮ್ಮ ಪಾಳಿಯವರು ಬಹಳ ಮಂದಿ ಇಲ್ಲ ಈಗ.

ಮೆಣಸಿನಕಾಯಿ_ಬಜ್ಜಿ
ಹಾಗಾದರೆ ಮಾಸ್ಟರ್ ಪ್ರಕಾರ ಟೆನ್ಷನ್‌ನಿಂದ ಏನೂ ಆಗಲ್ಲವಾ? ನಾಳೆಯಿಂದ ನಾನು ಆರಾಮಾಗಿ ಟೆನ್ಷನ್ ಮಾಡಿಕೊಳ್ಳಬಹುದು.

ಕೋಟೆ_ಕಲ್ಲು
ಹಾಗೆಲ್ಲಿ ಹೇಳಿದೆ ಗುರುವೇ. ಗ್ರಂಥಿ ಖಾಲಿ ಆಗಲ್ಲ ಅಂದೆ. ಅದು ಸುಮ್ನೆ ಕೂರದೆ ಕೆಲಸ ಮಾಡುತ್ತಲೇ ಇರುವುದರಿಂದ ಆಗುವ ತೊಂದರೆ ಬೇರೆ. ಬಿಪಿ ಏರುತ್ತದೆ, ಸಕ್ಕರೆ ಏರುತ್ತದೆ, ಹೊಟ್ಟೆ ಸುತ್ತ ಕೊಬ್ಬು ಕೂರುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಇನ್ನಷ್ಟು ಟೆನ್ಷನ್.

ಅಂದಹಾಗೆ ನಿಮ್ಮ ಬೆಣ್ಣೆದೋಸೆ ಜಂಬ ಕಮ್ಮಿ ಮಾಡಿ. 1997ರವರೆಗೆ ನೀವೂ ನಮ್ಮ ಚಿತ್ರದುರ್ಗ ಜಿಲ್ಲೆಯವರೇ.

ಮೆಣಸಿನಕಾಯಿ_ಬಜ್ಜಿ
ದೋಸೆ ಆವಾಗಲೂ ನಮ್ಮೂರಲ್ಲೇ ಇತ್ತು ಸರ್. ನೀವೇ ಅರವತ್ತು ಕಿಲೋಮೀಟರ್ ಬಂದು ತಿಂದು ಹೋಗುತ್ತಿದ್ದಿರಿ.

ನಾಲೆ_ಕೊನೆ
ದೋಸೆ ಜಗಳ ಆಮೇಲೆ. ನನಗೊಂದು ಅನುಮಾನ. ಗ್ರಂಥಿ ಕೆಡುವುದೇ ಇಲ್ಲವಾ ಹಾಗಾದರೆ?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಕೆಡುತ್ತದೆ ಅಣ್ಣ. ನನಗೇ ಕೆಟ್ಟಿದೆ. ಅಡಿಸನ್ ಕಾಯಿಲೆ ಅಂತ ಹೆಸರು. ಥಾಮಸ್ ಅಡಿಸನ್ ಅನ್ನುವ ಇಂಗ್ಲೆಂಡಿನ ಡಾಕ್ಟರ್ 1855ರಲ್ಲೇ ಇದರ ಬಗ್ಗೆ ಬರೆದಿದ್ದರು. ಅಪರೂಪದ ಕಾಯಿಲೆ. ನನಗೆ ಬಂದದ್ದು ಟಿಬಿಯಿಂದ. ಟಿಬಿ ಹೋಯಿತು, ಹೋಗುವಾಗ ಗ್ರಂಥಿಗಳನ್ನು ತಿಂದು ಹೋಯಿತು.

ಆ ಸುಸ್ತು ಹೇಗಿತ್ತು ಅಂದರೆ, ತಲೆ ಬಾಚಲು ಕೈ ಎತ್ತಿದರೆ ಅರ್ಧಕ್ಕೇ ಇಳಿಸಬೇಕು ಅನ್ನಿಸುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದೆ. ಮಂಡಕ್ಕಿಗೆ ಉಪ್ಪು ಸಾಲದು ಅಂತ ಮೇಲೆ ಉಪ್ಪು ಸುರಿದುಕೊಂಡು, ಉಪ್ಪಿನಕಾಯಿ ರಸ ಬೆರಳಲ್ಲಿ ನೆಕ್ಕುತ್ತಿದ್ದೆ. ಮೈ ಕಪ್ಪಾಯಿತು. ಬಿಸಿಲಿಗೆ ಅಂದರು. ಅಂಗೈ ಗೆರೆಗಳೂ ಕಪ್ಪಾದವು, ಯಾರೋ ಪೆನ್ನಲ್ಲಿ ತಿದ್ದಿದ ಹಾಗೆ. ವಸಡೂ ಕಪ್ಪು. ಬಾಯೊಳಗೆ ಎಲ್ಲಿಂದ ಬರುತ್ತದೆ ಬಿಸಿಲು? ಕೊನೆಗೆ ಒಬ್ಬ ಡಾಕ್ಟರ್ ಅಂಗೈ ಮಗುಚಿ ನೋಡಿ, ಬಿಪಿ ನೋಡಿ, ಬೆಳಗ್ಗೆ ಎಂಟಕ್ಕೆ ರಕ್ತ ಕೊಡಿ ಅಂದರು. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು, ಗ್ರಂಥಿ ಎದ್ದು ಕೆಲಸ ಮಾಡುತ್ತದಾ ಅಂತ ಮತ್ತೆ ರಕ್ತ ತೆಗೆದರು. ಎದ್ದಿರಲಿಲ್ಲ.

ಈಗ ದಿನಾ ಮಾತ್ರೆ. ಜ್ವರ ಬಂದರೆ ಡೋಸ್ ಜಾಸ್ತಿ ಮಾಡಿಕೊಳ್ಳಲು ಹೇಳಿಕೊಟ್ಟಿದ್ದಾರೆ. ಚೆನ್ನಾಗಿದ್ದೇನೆ, ಕೋಟೆ ಹತ್ತುತ್ತೇನೆ. ಸರ್ವರ್ ಅಕ್ಕ, ನಿಮಗೆ ಇದು ಇರಲಾರದು ಅನ್ನಿಸುತ್ತದೆ. ಆದರೆ ‘ದಣಿವು ಮೂರನೇ ಹಂತ’ ಅಂತ ಹೇಳಿ ಕ್ಯಾಪ್ಸೂಲ್ ಕೊಟ್ಟವರ ಕೈಗೆ ನಾನು ಆವತ್ತು ಸಿಕ್ಕಿದ್ದರೆ ಇವತ್ತು ಇರುತ್ತಿರಲಿಲ್ಲ.

ಹಸಿರು_ಬದುಕು
ನಿಮ್ಮದು ಅಪರೂಪದ ಕೇಸ್. ನಮ್ಮ ಉತ್ಪನ್ನ ಸಂಪೂರ್ಣ ನೈಸರ್ಗಿಕ, ಅಡ್ಡಪರಿಣಾಮ ಇಲ್ಲವೇ ಇಲ್ಲ.

ವೈದ್ಯಶಾಲೆ (ಹಿರಿಯೂರು)
ನಾನು ಆಯುರ್ವೇದ ಓದಿದವನು, ದಿನಾ ಅಶ್ವಗಂಧ ಬರೆಯುವವನು. ‘ಅಡ್ಡಪರಿಣಾಮ ಇಲ್ಲವೇ ಇಲ್ಲ’ ಅಂತ ನಾನೇ ಹೇಳುವುದಿಲ್ಲ. ಲಿವರಿಗೆ ಪೆಟ್ಟು ಬಿದ್ದ ವರದಿಗಳಿವೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು, ಬಸುರಿಯರು ಕೇಳದೆ ನುಂಗಬಾರದು. ಯಾರಿಗೆ, ಎಷ್ಟು, ಎಷ್ಟು ದಿನ ಅಂತ ನೋಡದೆ ಮೆಸೇಜಲ್ಲಿ ಮಾರುವುದು ಆಯುರ್ವೇದ ಅಲ್ಲ, ವ್ಯಾಪಾರ.

ಹಸಿರು_ಬದುಕು
ನಿಮಗೆ ನಮ್ಮ ಪರಂಪರೆ ಮೇಲೆ ಗೌರವ ಇಲ್ಲ ಅಷ್ಟೇ.

ವೈದ್ಯಶಾಲೆ
ಐದೂವರೆ ವರ್ಷ ಓದಿದ್ದೇನೆ ಸ್ವಾಮಿ. ಗೌರವ ಇರುವುದಕ್ಕೇ ಹೇಳುತ್ತಿರುವುದು.

ನಾಲೆ_ಕೊನೆ
😂😂 ಸಿಕ್ಕಿಬಿದ್ದರು.

ರಾತ್ರಿ_ಪಾಳಿ
ಎಲ್ಲರೂ ಒಂದು ನಿಮಿಷ ನಿಲ್ಲಿಸಿ. ನಾನು ವಾರ್ಡಲ್ಲಿ 14 ವರ್ಷದಿಂದ ನರ್ಸ್. ಈಗ ಡ್ಯೂಟಿ ಮುಗಿಸಿ ಬಂದು ಮೊದಲ ಪೋಸ್ಟ್ ಪೂರ್ತಿ ಓದಿದೆ. ಎಲ್ಲರೂ ಅಕ್ಕನ ಕಿಟ್ ಹಿಂದೆ ಬಿದ್ದಿದ್ದೀರಿ. ನನ್ನ ಕಣ್ಣಿಗೆ ಬಿದ್ದದ್ದು ಕೊನೆಯ ನಾಲ್ಕು ಸಾಲು.

ಸರ್ವರ್ ಅಕ್ಕ, ನಿಮ್ಮ ಅವ್ವನ ಪುಡಿ. ಎರಡು ವರ್ಷ ಅಂದಿರಿ. ಮುಖ ತುಂಬಿಕೊಂಡಿದೆ ಅಂದಿರಿ. ಕೊಡುವವರು ಮೂರು ವಾರದಿಂದ ಬಂದಿಲ್ಲ ಅಂದಿರಿ. ಪುಡಿ ಇನ್ನೂ ಇದೆಯಾ, ಮುಗಿದಿದೆಯಾ? ಅವ್ವ ಈಗ ಹೇಗಿದ್ದಾರೆ? ಮುಖ ಮಾತ್ರ ತುಂಬಿ ಕೈಕಾಲು ಸಣ್ಣಗಾಗಿವೆಯಾ? ಸುಮ್ನೆ ತಾಗಿದರೂ ಚರ್ಮ ನೀಲಿ ಆಗುತ್ತದಾ?

ಸರ್ವರ್_ಡೌನ್
ನರ್ಸಕ್ಕ, ನೀವು ಮನೆಯೊಳಗೆ ಬಂದು ನೋಡಿದ ಹಾಗೆ ಹೇಳುತ್ತಿದ್ದೀರಿ. ಕೈಕಾಲು ಕಡ್ಡಿ ಆಗಿವೆ. ಬಳೆ ತಾಗಿದರೆ ನೀಲಿ ಗುರುತು. ವಯಸ್ಸಾಯಿತಲ್ಲ ಅಂದುಕೊಂಡಿದ್ದೆ. ಪುಡಿ ಮುಗಿದು ಒಂಬತ್ತು ದಿನ ಆಯಿತು. ನಾಲ್ಕು ದಿನದಿಂದ ಹಾಸಿಗೆ ಬಿಟ್ಟು ಏಳುತ್ತಿಲ್ಲ. ನಿನ್ನೆಯಿಂದ ವಾಂತಿ, ಗಂಜಿಯೂ ನಿಲ್ಲುತ್ತಿಲ್ಲ. ಬಿಸಿಲು ಬಡಿದಿದೆ ಅಂತ ಮಜ್ಜಿಗೆ ಕೊಡುತ್ತಿದ್ದೇನೆ.

ರಾತ್ರಿ_ಪಾಳಿ
ಈಗಲೇ ಹೊರಡಿ. ನಾಳೆ ಬೆಳಗ್ಗೆ ಅಲ್ಲ, ಈಗ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಪುಡಿಯ ಖಾಲಿ ಪೊಟ್ಟಣ ಇದ್ದರೆ ಇಟ್ಟುಕೊಳ್ಳಿ. ಡಾಕ್ಟರಿಗೆ ಹೀಗೇ ಹೇಳಿ: ‘ಎರಡು ವರ್ಷ ನೋವಿನ ಪುಡಿ ತಗೊಂಡಿದ್ದಾರೆ, ಅದರಲ್ಲಿ ಸ್ಟೆರಾಯ್ಡ್ ಇರಬಹುದು, ಒಂಬತ್ತು ದಿನದಿಂದ ನಿಂತಿದೆ.’ ಈ ಮಾತು ಮರೆಯಬೇಡಿ. ಬರೀ ವಾಂತಿ ಅಂದರೆ ಗ್ಲೂಕೋಸ್ ಹಾಕಿ ಕಳಿಸಿಬಿಡಬಹುದು.

ಸರ್ವರ್_ಡೌನ್
ಹೊರಟೆ.

ಮೆಣಸಿನಕಾಯಿ_ಬಜ್ಜಿ
ಅಕ್ಕಾ, ಯಾವ ಏರಿಯಾ? ನನ್ನ ಹತ್ತಿರ ಓಮ್ನಿ ಇದೆ. ಬರಲಾ?

ನಾಲೆ_ಕೊನೆ
ಏನಾಯಿತು ಇದು, ನರ್ಸಮ್ಮ? ಮಂಡಿ ನೋವಿನ ಪುಡಿಗೂ ಈ ಗ್ರಂಥಿಗೂ ಏನು ಸಂಬಂಧ? ನಮ್ಮ ಊರಲ್ಲೂ ನಾಲ್ಕೈದು ಜನ ಅಂಥದ್ದೇ ಪೊಟ್ಟಣ ತಗೊಳ್ಳುತ್ತಾರೆ.

ರಾತ್ರಿ_ಪಾಳಿ
ಇಂಥ ಪುಡಿಗಳಲ್ಲಿ ಎಷ್ಟೋ ಸಲ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಥರದ ಸ್ಟೆರಾಯ್ಡ್ ಮಾತ್ರೆ ಅರೆದು ಬೆರೆಸಿರುತ್ತಾರೆ. ಅದು ಕಾರ್ಟಿಸಾಲಿನ ಕೆಲಸವನ್ನೇ ಮಾಡುವ ಔಷಧ. ನೋವು, ಊತ ಮಾಯ, ಹಸಿವು ಜಾಸ್ತಿ, ಮೈಯಲ್ಲಿ ಹುರುಪು. ಆಗ ಮೆದುಳು, ‘ಕಾರ್ಟಿಸಾಲ್ ಬೇಕಾದಷ್ಟಿದೆ’ ಅಂತ ತಿಳಿದು ಗ್ರಂಥಿಗೆ ಆರ್ಡರ್ ಕಳಿಸುವುದನ್ನೇ ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಕೆಲಸ ಇಲ್ಲದೆ ಗ್ರಂಥಿ ಸೊರಗುತ್ತದೆ. ಒಂದು ದಿನ ಪುಡಿ ನಿಂತರೆ ಹೊರಗಿಂದಲೂ ಇಲ್ಲ, ಒಳಗಿಂದಲೂ ಇಲ್ಲ. ಬಿಪಿ ಬೀಳುತ್ತದೆ, ಸಕ್ಕರೆ ಬೀಳುತ್ತದೆ, ಜೀವವೂ ಹೋಗಬಹುದು.

ನಾಲೆ_ಕೊನೆ
ಅರ್ಥ ಆಯಿತು. ಭದ್ರಾ ನಾಲೆಯ ಕೊನೇ ಭಾಗದವನು ನಾನು, ಇದು ನಮ್ಮದೇ ಕಥೆ. ಟ್ಯಾಂಕರಲ್ಲಿ ನೀರು ಬರುತ್ತಿದೆ ಅಂತ ಮೇಲಿನವರು ಗೇಟ್ ಇಳಿಸಿಬಿಟ್ಟರು. ಎರಡು ವರ್ಷ ನೀರು ಹರಿಯದೆ ನಾಲೆಯಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು. ಒಂದು ದಿನ ಟ್ಯಾಂಕರ್ ನಿಂತಿತು. ಗೇಟ್ ಎತ್ತಿದರೂ ನೀರು ಗದ್ದೆಗೆ ಬರಲ್ಲ.

ರಾತ್ರಿ_ಪಾಳಿ
ಇದನ್ನು ನಾಳೆ ವಾರ್ಡಲ್ಲಿ ಹೇಳುತ್ತೇನೆ. ಹೂಳು ತೆಗೆಯುವವರೆಗೆ ಟ್ಯಾಂಕರ್ ಬೇಕು, ದಿನಾ ಒಂದೊಂದು ಕೊಡ ಕಮ್ಮಿ ಮಾಡುತ್ತಾ. ನಾವು ಮಾಡುವುದೂ ಅಷ್ಟೇ. ಅದಕ್ಕೇ ನಿಮ್ಮ ಊರಿನವರಿಗೆ ‘ಪುಡಿ ಇವತ್ತೇ ಬಿಸಾಡಿ’ ಅಂತ ಮಾತ್ರ ಹೇಳಬೇಡಿ. ‘ಪುಡಿ ತಗೊಂಡು ಡಾಕ್ಟರ್ ಹತ್ತಿರ ಹೋಗಿ’ ಅನ್ನಿ.

ಹಳೇ_ಮಿಲ್ಲು
ಸ್ಟೆರಾಯ್ಡ್ ಅಂದರೆ ವಿಷ ಅಂತ ನಾನು ಮೊದಲಿಂದ ಹೇಳುತ್ತಿದ್ದೆ. ನನ್ನ ದಮ್ಮಿನ ಇನ್‌ಹೇಲರಲ್ಲೂ ಅದೇ ಇದೆಯಂತೆ, ಇವತ್ತೇ ನಿಲ್ಲಿಸುತ್ತೇನೆ.

ರಾತ್ರಿ_ಪಾಳಿ
ಅಯ್ಯೋ ಬೇಡ ಯಜಮಾನ್ರೇ! ಈಗ ತಾನೇ ಬರೆದೆನಲ್ಲ. ಇನ್‌ಹೇಲರಲ್ಲಿ ಇರುವುದು ತೀರಾ ಸಣ್ಣ ಅಳತೆ, ನೇರ ಶ್ವಾಸಕೋಶಕ್ಕೆ. ಅದನ್ನು ನಿಲ್ಲಿಸಿದರೆ ದಮ್ಮು ಬಂದು ನನ್ನ ವಾರ್ಡಿಗೇ ಬರುತ್ತೀರಿ. ಅಳತೆ, ಲೆಕ್ಕ ಇಲ್ಲದೆ ಕದ್ದು ಕೊಟ್ಟದ್ದು ತಪ್ಪು. ಔಷಧದ ತಪ್ಪಲ್ಲ. ಮೇಲೆ ಬರೆದ ಜೋಗಿಮಟ್ಟಿಯವರು ಬದುಕಿರುವುದೂ ಸ್ಟೆರಾಯ್ಡ್ ಮಾತ್ರೆಯಿಂದಲೇ.

ಜೋಗಿಮಟ್ಟಿ_ಗಾಳಿ
ಹೌದು. ಹೈಡ್ರೊಕಾರ್ಟಿಸೋನ್. ಬೆಳಗ್ಗೆ ಒಂದು, ಮಧ್ಯಾಹ್ನ ಅರ್ಧ. ಪರ್ಸಲ್ಲಿ ಚೀಟಿಯೂ ಇಟ್ಟಿದ್ದೇನೆ, ಎಲ್ಲಾದರೂ ಬಿದ್ದರೆ ನೋಡಿದವರಿಗೆ ಗೊತ್ತಾಗಲಿ ಅಂತ.

ವೈದ್ಯಶಾಲೆ
ಒಂದು ಮಾತು ಸೇರಿಸುತ್ತೇನೆ. ಬೇರು-ನಾರಿನ ಔಷಧ ಹಳೇ ಮಂಡಿ ನೋವನ್ನು ಒಂದೇ ಗಂಟೆಯಲ್ಲಿ ಇಳಿಸುವುದಿಲ್ಲ. ಇಳಿಸಿತು ಅಂದರೆ ಅದರಲ್ಲಿ ಬೇರೇನೋ ಇದೆ. ಹೆಸರಿಲ್ಲದ ಪೊಟ್ಟಣ, ಲೇಬಲ್ ಇಲ್ಲ, ಕೊಡುವವರಿಗೆ ವಿಳಾಸ ಇಲ್ಲ ಅಂದರೆ ಕೈ ಮುಗಿದು ಬಂದುಬಿಡಿ. ಹೆಸರು ಕೆಡುವುದು ನಮ್ಮದು.

ಕೋಟೆ_ಕಲ್ಲು
ನಾನು ಮೂರು ಪ್ಯಾರಾ ಇಲಿ ಕಥೆ ಬರೆದೆ. ಆ ನಾಲ್ಕು ಸಾಲು ಓದಿದ್ದೆ, ಆದರೂ ಹೊಳೆಯಲಿಲ್ಲ ನೋಡಿ.

*(ಮರುದಿನ)*

ಮೆಣಸಿನಕಾಯಿ_ಬಜ್ಜಿ
ರಾತ್ರಿ ಅಕ್ಕನ ಜೊತೆ ಹೋಗಿದ್ದೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ಬಿಪಿ 80/50 ಇತ್ತು. ಡಾಕ್ಟರಿಗೆ ನರ್ಸಮ್ಮನ ಮಾತನ್ನು ಫೋನ್ ನೋಡಿಕೊಂಡೇ ಓದಿ ಹೇಳಿದರು ಅಕ್ಕ. ಅವರು ತಲೆ ಎತ್ತಿ ‘ಯಾರು ಹೇಳಿಕೊಟ್ಟರು’ ಅಂತ ಕೇಳಿದರು. ಬೆಣ್ಣೆದೋಸೆ ಜಗಳ ಮಾಡುವ ಜಾಗದಲ್ಲಿ ಅಂತ ಹೇಗೆ ಹೇಳುವುದು!

ಹಸಿರು_ಬದುಕು
ಬೇಗ ಗುಣವಾಗಲಿ.

*(ಐದು ದಿನದ ನಂತರ)*

ಸರ್ವರ್_ಡೌನ್
ಎಲ್ಲರಿಗೂ ದೊಡ್ಡ ನಮಸ್ಕಾರ. ಅವ್ವ ಮನೆಗೆ ಬಂದಳು. ಕಾರ್ಟಿಸಾಲ್ 2.1 ಇತ್ತಂತೆ. ಅಷ್ಟು ಕಾಯಿಲೆಯಲ್ಲಿ ಅದು ಬಹಳ ಮೇಲಿರಬೇಕಿತ್ತು ಅಂದರು. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಹಾಕಿದ ಮೇಲೆ ಮರುದಿನ ಮಧ್ಯಾಹ್ನವೇ ಎದ್ದು ಕೂತು ‘ಯಾಕ್ ಇಷ್ಟ್ ಖರ್ಚ್ ಮಾಡಿದಿ’ ಅಂತ ಬೈದಳು. ಆಗ ನನಗೆ ಅಳು ಬಂತು. ಈಗ ಮಾತ್ರೆ. ನಿಧಾನಕ್ಕೆ ಕಮ್ಮಿ ಮಾಡುತ್ತಾರಂತೆ, ಗ್ರಂಥಿ ಏಳಲು ತಿಂಗಳುಗಳೇ ಬೇಕಾಗಬಹುದು. ಸಕ್ಕರೆಯೂ ಬಂದಿದೆ, ಬೆನ್ನುಮೂಳೆಯೂ ಸವೆದಿದೆ. ಎಲ್ಲ ಆ ಪುಡಿಯ ಬಳುವಳಿ.

ಡಾಕ್ಟರ್ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ನೀವೂ ರಕ್ತ ಕೊಟ್ಟು ಹೋಗಿ ಅಂದರು. ಹಿಮೋಗ್ಲೋಬಿನ್ 8.4! ಬಿ12 ಕೂಡ ಕಮ್ಮಿ. ಥೈರಾಯ್ಡ್ ಸರಿ ಇದೆ, ಸಕ್ಕರೆ ಸರಿ ಇದೆ. ಮುಟ್ಟು ಜಾಸ್ತಿ ಹೋಗುತ್ತದಾ ಅಂತ ಕೇಳಿದರು. ಎರಡು ವರ್ಷದಿಂದ ಹಾಗೇ ಇದೆ, ಎಲ್ಲರಿಗೂ ಇರುವುದೇ ಅಂದುಕೊಂಡಿದ್ದೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ನಾನು ರೊಟ್ಟಿಗೂ ಚಹಾ, ಅನ್ನಕ್ಕೂ ಚಹಾ.

ರಾತ್ರಿ_ಪಾಳಿ
ಮುಟ್ಟಿನ ವಿಷಯ ಬಿಡಬೇಡಿ, ಸ್ಕ್ಯಾನ್ ಮಾಡಿಸಿ. ಬರೀ ಐರನ್ ಮಾತ್ರೆ ನುಂಗಿದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ನಾಲೆ_ಕೊನೆ
ಹಾಗಾದರೆ ಟೆನ್ಷನ್ನಿಂದ ಅಲ್ಲವೇ ಅಲ್ಲ ಅನ್ನಿ.

ಸರ್ವರ್_ಡೌನ್
ಹಾಗೇನಿಲ್ಲ ಅಣ್ಣ. ಕಂತು ಹಾಗೇ ಇದೆ, ಸರ್ವರ್ರೂ ಹಾಗೇ ಇದೆ, ಮೂರಕ್ಕೆ ಎಚ್ಚರವೂ ಆಗುತ್ತದೆ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ ನೋಡಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಒಂದು ರಾತ್ರಿ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಸಾಲ ತೀರಿಸಲಿಲ್ಲ, ಆದರೆ ನಡುವೆ ಮಾತು ಕತ್ತರಿಸದೆ ಕೇಳಿದರು. ಅಂಗಡಿ ಮಧ್ಯಾಹ್ನ ಎರಡರಿಂದ ಮೂರು ಬಂದ್ ಅಂತ ಬೋರ್ಡ್ ಹಾಕಿದ್ದೇನೆ. ಮೊದಲ ದಿನವೇ ಶಟರ್ ಬಡಿದರು.

ಕೋಟೆ_ಕಲ್ಲು
ತೆಗೆದಿರಾ?

ಸರ್ವರ್_ಡೌನ್
ತೆಗೆದೆ. ಮುದುಕಪ್ಪ, ಪಿಂಚಣಿ ವಿಷಯ. ಹೆಬ್ಬೆಟ್ಟು ಮ್ಯಾಚ್ ಆಗಲಿಲ್ಲ.

*(ಎರಡು ತಿಂಗಳ ನಂತರ)*

ಮೆಣಸಿನಕಾಯಿ_ಬಜ್ಜಿ
ಅಕ್ಕಾ, ಅವ್ವ ಹೇಗಿದ್ದಾರೆ? ಆ ಉಗುಳೋ ಕಿಟ್ ಏನಾಯಿತು, ವಾಪಸ್ ತಗೊಂಡರಾ?

ಸರ್ವರ್_ಡೌನ್
ವಾಪಸ್ ತಗೊಳ್ಳಲ್ಲವಂತೆ. ಆ ನಾಲ್ಕು ಟ್ಯೂಬಲ್ಲಿ ಮಗಳು ಮಣಿ, ಸೂಜಿ ಹಾಕಿಟ್ಟಿದ್ದಾಳೆ. ಹಿಮೋಗ್ಲೋಬಿನ್ 10.6 ಆಗಿದೆ, ಸ್ಕ್ಯಾನಲ್ಲಿ ಗಡ್ಡೆ ಕಂಡಿದೆ, ಅದಕ್ಕೂ ಔಷಧ ನಡೆದಿದೆ. ಅವ್ವನ ಮಂಡಿ ನೋವು ವಾಪಸ್ ಬಂದಿದೆ, ಕೋಲು ಹಿಡಿದಿದ್ದಾಳೆ. ಮುಖ ಇಳಿಯುತ್ತಿದೆ. ಓಣಿಯವರೆಲ್ಲ ನೋಡಿ ‘ಯಾಕವ್ವಾ ಇಷ್ಟ್ ಸೊರಗಿದಿ, ಮಗಳು ಸರಿಯಾಗಿ ಉಣ್ಣಾಕ ಹಾಕವಲ್ಲಳೇನು’ ಅಂತ ಕೇಳುತ್ತಿದ್ದಾರೆ. ನಿನ್ನೆ ಸಂತೆಯಲ್ಲಿ ಆ ಪುಡಿಯವರು ಮತ್ತೆ ಬಂದಿದ್ದರಂತೆ. ಪಕ್ಕದ ಮನೆಯವರು ಅವ್ವನಿಗೂ ಸೇರಿಸಿ ಎರಡು ಪೊಟ್ಟಣ ತಂದುಕೊಟ್ಟು ಹೋಗಿದ್ದಾರೆ.

ರಾತ್ರಿ_ಪಾಳಿ
ಆ ಪೊಟ್ಟಣ ಎಲ್ಲಿದೆ ಈಗ?

ಸರ್ವರ್_ಡೌನ್
ಅವ್ವನ ಟ್ರಂಕಲ್ಲಿ ಸೀರೆ ಕೆಳಗೆ ಸಿಕ್ಕಿತು. ನಾಳೆ ಚೆಕಪ್‌ಗೆ ಹೋಗುವಾಗ ಡಾಕ್ಟರ್ ಕೈಗೇ ಕೊಡುತ್ತೇನೆ. ಪಕ್ಕದ ಮನೆಯವರನ್ನೂ ಕರೆದಿದ್ದೇನೆ, ಬಜ್ಜಿ ತಮ್ಮಾ, ಓಮ್ನಿ ತಗೊಂಡು ಎಂಟೂವರೆಗೆ ಬಾ.